ನೆರಳಿನ ಬದಿಯ ಸೀಟು

ಅಲ್ಯೂಮಿನಿಯಂ ಫಾಯಿಲ್ ನಿಮ್ಮ ಮನೆಯಲ್ಲಿ ಯಾವ ಕೆಲಸಕ್ಕೆ ಬರುತ್ತದೆಯೋ ನನಗೆ ಗೊತ್ತಿಲ್ಲ. ಚಪಾತಿ ಸುತ್ತಲಿಕ್ಕೆ, ಮಕ್ಕಳ ಬುತ್ತಿಗೆ, ಹೆಚ್ಚೆಂದರೆ ಮೀನು ಸುಡಲಿಕ್ಕೆ ಎಂದು ನೀವು ಹೇಳಿದರೆ, ಪಾಪ, ಇವರು ಇನ್ನೂ ಪ್ರಪಂಚ ನೋಡಿಲ್ಲ ಎಂದುಕೊಳ್ಳುತ್ತೇನೆ. ಪ್ರಪಂಚ ನೋಡಿದ ನಾವು ಅದನ್ನು ಕಿಟಕಿಗೆ ಅಂಟಿಸುತ್ತೇವೆ. ಪ್ರಪಂಚ ಕಾಣಬಾರದು ಎಂದೇ ಅಂಟಿಸುತ್ತೇವೆ.

ಸೌದಿಯ ಅಲ್ ಖೋಬರಿನ ನಮ್ಮ ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಎಲ್ಲ ಕಟ್ಟಡಗಳಲ್ಲೂ ಬೆಳ್ಳಿ ಬಣ್ಣದ ಕಿಟಕಿಗಳು ಹೊಳೆಯುತ್ತಿರುತ್ತವೆ. ಹೊಸದಾಗಿ ಬಂದವರು ಇದೇನೋ ಹಬ್ಬದ ಅಲಂಕಾರ ಎಂದು ಫೋಟೋ ತೆಗೆದು ಊರಿಗೆ ಕಳಿಸುತ್ತಾರೆ. ಎರಡನೇ ವಾರ ಅವರೂ ಅಂಗಡಿಗೆ ಬಂದು ಒಂದು ರೋಲ್ ಕೇಳುತ್ತಾರೆ. ಇಲ್ಲಿನ ಬೇಸಿಗೆಯ ಬಿಸಿಲು ಗಾಜಿನ ಮೂಲಕ ಒಳಗೆ ಬಂದರೆ ಎಸಿ ಏದುಸಿರು ಬಿಡಲು ಶುರುಮಾಡುತ್ತದೆ. ಹಾಗಾಗಿ ಫಾಯಿಲ್ ಅಂಟಿಸಿ, ಹಗಲಿಡೀ ಟ್ಯೂಬ್‌ಲೈಟ್ ಉರಿಸಿ, ಹೊರಗೆ ಬೆಳಗೋ ಸಂಜೆಯೋ ಎಂದು ಫೋನಿನಲ್ಲಿ ನೋಡಿ ತಿಳಿದುಕೊಳ್ಳುತ್ತಾ ಸುಖವಾಗಿರುತ್ತೇವೆ.

ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಕಡಿಮೆ. ಏಕೆಂದರೆ ನನ್ನದು ಎಸಿ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ. ಇಪ್ಪತ್ತನಾಲ್ಕು ವರ್ಷಗಳಿಂದ ಕಟ್ಟಡಗಳ ನಕ್ಷೆಯ ಮೇಲೆ ತಣ್ಣನೆ ಗಾಳಿ ಹೋಗುವ ದಾರಿಗಳನ್ನು ಗೆರೆ ಎಳೆದು ತೋರಿಸುತ್ತಿದ್ದೇನೆ. ಉಳಿದವರು ಕಿಟಕಿ ಎಂದು ಕರೆಯುವುದನ್ನು ನಮ್ಮ ಆಫೀಸಿನಲ್ಲಿ ‘ಹೀಟ್ ಲೋಡ್’, ಅಂದರೆ ಶಾಖದ ಹೊರೆ, ಎನ್ನುತ್ತಾರೆ. ಇಂಥವನು ಬಾಡಿಗೆ ಮನೆ ಹಿಡಿದರೆ ಹಾಲುಕ್ಕಿಸುವ ಮೊದಲು ಏನು ಮಾಡಿಯಾನು ಎಂಬುದನ್ನು ನೀವೇ ಊಹಿಸಿ. ನಾವು ಖೋಬರಿನಲ್ಲಿ ಮೂರು ಮನೆ ಬದಲಿಸಿದ್ದೇವೆ. ಮೂರರಲ್ಲೂ ಹೆಂಡತಿ ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ನಾನು ಕಿಟಕಿಗಳ ಕಣ್ಣು ಮುಚ್ಚಿಸಿದ್ದೆ.

ಗುರುಗಳು ಯಾರು ಎಂದು ಕೇಳಿದರೆ ಹೇಳಬೇಕು, ಬಸ್ಸು. ಆಗ ರಿಯಾದಿನಲ್ಲಿದ್ದೆ, ಬತ್ಹಾದ ಒಂದು ಕೋಣೆಯಲ್ಲಿ ಎಂಟು ಜನರ ನಡುವೆ. ಬಂದು ತಿಂಗಳಾಗಿತ್ತಷ್ಟೇ. ಕಂಪನಿಯವರು ಜಿಜಾನಿನ ಸೈಟಿಗೆ ಹೋಗು ಎಂದರು. ನಾನು ಬೆಳಗ್ಗೆ ಬಸ್ಸು ಹತ್ತಿದವನು ಎಡಗಡೆಯ ಕಿಟಕಿಯ ಪಕ್ಕ ಖುಷಿಯಿಂದ ಕುಳಿತೆ. ಮರುಭೂಮಿ ನೋಡಬೇಕಿತ್ತು. ಬಲಗಡೆ ಅಷ್ಟೂ ಜನ ಒತ್ತೊತ್ತಾಗಿ ಕೂತಿದ್ದಾರೆ, ಎಡಗಡೆ ಯಾರೂ ಇಲ್ಲ, ಎಂಥ ದಡ್ಡರಪ್ಪ ಎಂದುಕೊಂಡೆ. ಹತ್ತು ಗಂಟೆಯ ಹೊತ್ತಿಗೆ ಮರುಭೂಮಿಯೇ ನನ್ನನ್ನು ನೋಡಲು ಶುರುಮಾಡಿತು. ಜಿಜಾನಿನಲ್ಲಿ ಇಳಿಯುವಾಗ ನನ್ನ ಎಡಗಿವಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಸೈಟಿನ ಫೋರ್‌ಮನ್, ನಮ್ಮ ಕುಂಬಳೆಯ ಕಡೆಯವರು, ಕಿವಿಯನ್ನು ನೋಡಿದವರೇ, “ಹೊಸಬನಾ? ಸೀಟು ಹಿಡಿಯುವಾಗ ಸೂರ್ಯ ಎಲ್ಲಿ ಅಂತ ನೋಡ್ಬೇಕು ಮಾರಾಯ, ಕಿಟಕಿ ಎಲ್ಲಿ ಅಂತ ಅಲ್ಲ” ಎಂದರು.

ಆ ಮಾತನ್ನು ನಾನು ಜೀವನದ ಸೂತ್ರ ಮಾಡಿಕೊಂಡೆ. ಅಂದಿನಿಂದ ನಾನು ಬಸ್ಸಿಗಾಗಲಿ, ಕಾರಿಗಾಗಲಿ, ವಿಮಾನಕ್ಕಾಗಲಿ ಹತ್ತುವ ಮೊದಲು ದಿಕ್ಕು, ಹೊತ್ತು ಎರಡನ್ನೂ ಲೆಕ್ಕ ಹಾಕಿ ನೆರಳಿನ ಬದಿಯಲ್ಲೇ ಕೂರುತ್ತೇನೆ. ದಮ್ಮಾಮಿನಿಂದ ರಿಯಾದಿಗೆ ರೈಲಿನಲ್ಲಿ ಅದೆಷ್ಟು ಸಲ ಹೋಗಿದ್ದೇನೋ. ದಾರಿಯಲ್ಲಿ ಏನೇನಿದೆ ಎಂದು ಕೇಳಿದರೆ ಎದುರು ಸೀಟಿನ ಬಟ್ಟೆಯ ನೇಯ್ಗೆಯನ್ನು ಸವಿವರ ಹೇಳಬಲ್ಲೆ.

ಹೀಗೆಲ್ಲ ಹೇಳುವಾಗ ನನಗೇ ನಗು ಬರುತ್ತದೆ. ಏಕೆಂದರೆ ಚಿಕ್ಕಂದಿನಲ್ಲಿ ಕಿಟಕಿಯ ಸೀಟಿಗಾಗಿ ನಾನು ಮಾಡಿದ ಯುದ್ಧಗಳು ಕಾಪುವಿನಿಂದ ಉಡುಪಿಯವರೆಗಿನ ಕಂಡಕ್ಟರುಗಳಿಗೆಲ್ಲ ಗೊತ್ತಿದ್ದವು. ನಮ್ಮ ಕಡೆಯ ಬಸ್ಸುಗಳಿಗೆ ಆಗ ಗಾಜಿರಲಿಲ್ಲ. ಮಳೆಗಾಲದಲ್ಲಿ ಕಿಟಕಿಯ ಮೇಲಿಂದ ಸುತ್ತಿಟ್ಟ ಟರ್ಪಾಲನ್ನು ಇಳಿಬಿಡುತ್ತಿದ್ದರು. ಒಳಗೆಲ್ಲ ಕತ್ತಲೆ, ಒದ್ದೆ ಕೊಡೆಗಳ ವಾಸನೆ, ಯಾರದೋ ಬುಟ್ಟಿಯ ಒಣಮೀನು. ಆದರೆ ಪ್ರತಿ ಟರ್ಪಾಲಿನಲ್ಲೂ ಒಂದು ತೂತು ಇದ್ದೇ ಇರುತ್ತಿತ್ತು. ನಾನು ಮತ್ತು ಅಕ್ಕ ಆ ತೂತಿಗೆ ಸರದಿಯಲ್ಲಿ ಕಣ್ಣಿಡುತ್ತಿದ್ದೆವು. ಅವಳ ಸರದಿ ಮುಗಿಯುವಷ್ಟರಲ್ಲಿ ಊರೇ ದಾಟಿಹೋಗುತ್ತದೆ ಎಂದು ನಾನು ಅಳುತ್ತಿದ್ದೆ. ಆ ಹುಡುಗನೇ ಮುಂದೆ ಕಿಟಕಿಗೆ ಫಾಯಿಲ್ ಹಚ್ಚಿ, ಎಲ್ಲಾದರೂ ತೂತು ಉಳಿಯಿತೇ ಎಂದು ಟಾರ್ಚ್ ಹಿಡಿದು ಹುಡುಕುವ ಗೃಹಸ್ಥನಾದ.

ಇನ್ನು ವಾರಿಜಾಳ ವಿಷಯ. ವಾರಿಜಾ ನನ್ನ ಹೆಂಡತಿ, ಮರವಂತೆಯವಳು. ಆ ಊರನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳುತ್ತೇನೆ: ಅಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ನದಿ. ಬಸ್ಸಿನಲ್ಲಿ ಎಡಕ್ಕೆ ಕೂತರೂ ನೀರು, ಬಲಕ್ಕೆ ಕೂತರೂ ನೀರು. ಅಂಥ ಊರಿನಲ್ಲಿ ಹುಟ್ಟಿದವರಿಗೆ ಸೀಟಿನಲ್ಲಿ ತಪ್ಪು ಬದಿ ಎಂಬುದೊಂದು ಇರುತ್ತದೆ ಎಂದೇ ತಿಳಿದಿರುವುದಿಲ್ಲ. ಮದುವೆಯಾದ ವಾರ ನಾವು ಬಸ್ಸಿನಲ್ಲಿ ಅವಳ ತವರಿಗೆ ಹೋಗುತ್ತಿದ್ದಾಗ ಅವಳು ನಿಮಿಷಕ್ಕೊಮ್ಮೆ ನನ್ನ ತೋಳು ಹಿಡಿದೆಳೆದು, “ಹ್ವಾಯ್, ಇಲ್ ಕಾಣಿ” ಎನ್ನುತ್ತಿದ್ದಳು. ಕುಂದಾಪುರದ ಕಡೆ ನೋಡುವುದಕ್ಕೆ ಕಾಣುವುದು ಎನ್ನುತ್ತಾರೆ. ‘ಹ್ವಾಯ್’ ಎಂದರೆ ಏನೆಂದು ಬಿಡಿಸಿ ಹೇಳುವುದು ಕಷ್ಟ, ಗಂಡನನ್ನು ಹೆಸರು ಹಿಡಿಯದೆ ಕರೆಯಲಿಕ್ಕೆ ಅಷ್ಟು ಒಳ್ಳೆಯ ಶಬ್ದ ಬೇರೆಲ್ಲೂ ಇಲ್ಲ. ಕಾಗೆ ಕಂಡರೂ ಹ್ವಾಯ್, ದೋಣಿ ಕಂಡರೂ ಹ್ವಾಯ್. ನನಗೆ ಸಾಕುಸಾಕಾಗಿ ಹೋಗಿತ್ತು. ಸುಮ್ಮನಾಗಲಪ್ಪ ಎಂದು ದೇವರಿಗೆ ಹೇಳಿಕೊಂಡಿದ್ದೆ.

ದೇವರು ನಿಧಾನವಾದರೂ ಫೈಲು ಕಳೆಯುವವನಲ್ಲ. ಖೋಬರಿಗೆ ಬಂದ ಮೇಲೆ ವಾರಿಜಾ ಸುಮ್ಮನಾದಳು. ಜಗಳವೇನಿಲ್ಲ, ಬೇಸರವೆಂದು ಅವಳು ಹೇಳಿದ್ದೂ ಇಲ್ಲ. ಕಾಣಲಿಕ್ಕೆ ಏನೂ ಇರಲಿಲ್ಲ, ಅಷ್ಟೇ. ಮನೆಯಲ್ಲಿ ಫಾಯಿಲ್. ಕಾರಿನ ಗಾಜಿಗೆ ಕಪ್ಪು ಫಿಲ್ಮ್. ಮಾಲ್‌ಗಳಿಗೆ ಕಿಟಕಿ ಇರುವುದಿಲ್ಲ. ಖೋಬರಿನಲ್ಲಿ ಸಮುದ್ರ ಇದೆಯಲ್ಲ ಎನ್ನಬೇಡಿ, ಇದೆ, ನಾವು ಕತ್ತಲಾದ ಮೇಲೆ ಹೋಗಿ ಅದರ ಸದ್ದು ಕೇಳಿ ಬರುತ್ತೇವೆ. ಭಾರತೀಯ ಶಾಲೆಯೊಂದರಲ್ಲಿ ಅವಳು ಹತ್ತು ವರ್ಷ ಪಾಠ ಮಾಡಿದಳು, ಅಲ್ಲಿ ಅವಳ ಭಾಷೆಯೂ ನುಣುಪಾಯಿತು. ಮಕ್ಕಳು ಬೆಳೆದು ಊರಿನಲ್ಲಿ ಓದಲು ಹೋದರು. ‘ಹ್ವಾಯ್’ ಎಂಬ ಶಬ್ದ ಯಾವ ವರ್ಷ ನಿಂತಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎಸಿ ನಿಂತರೆ ತಕ್ಷಣ ಗೊತ್ತಾಗುತ್ತದೆ, ಇಂಥವು ಗೊತ್ತಾಗುವುದಿಲ್ಲ.

ನಮ್ಮ ಅಡುಗೆಮನೆಯ ಕಿಟಕಿಯ ಫಾಯಿಲಿನ ಮೇಲೆ ವಾರಿಜಾ ಒಂದು ಕ್ಯಾಲೆಂಡರ್ ತೂಗುಹಾಕಿದ್ದಳು. ಯಾವುದೋ ಟ್ರಾವೆಲ್ಸಿನವರು ಕೊಟ್ಟದ್ದು. ಏಪ್ರಿಲ್ ತಿಂಗಳಿಗೆ ಸ್ಕಾಟ್ಲೆಂಡಿನ ಚಿತ್ರ: ಹಸಿರು ಗುಡ್ಡಗಳ ನಡುವೆ ಬಿಲ್ಲಿನಂತೆ ಬಾಗಿದ ಎತ್ತರದ ಕಮಾನು ಸೇತುವೆ, ಅದರ ಮೇಲೆ ರೈಲು, ಕೆಳಗೆ ಉದ್ದನೆಯ ಸರೋವರ. ಏಪ್ರಿಲ್ ಮುಗಿದು ಮೇ ಬಂದರೂ ಅವಳು ಹಾಳೆ ಮಗುಚಲಿಲ್ಲ. ಮರುವರ್ಷವೂ ಮಗುಚಲಿಲ್ಲ. ನಮ್ಮ ಅಡುಗೆಮನೆಯಲ್ಲಿ ನಾಲ್ಕು ವರ್ಷ ಏಪ್ರಿಲ್ ತಿಂಗಳಿತ್ತು. ನಾನು ಅದನ್ನು ನೋಡಿ, ಫಾಯಿಲಿಗೆ ಇನ್ನೊಂದು ಪದರ ಬಿತ್ತು, ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

ಕಳೆದ ವರ್ಷ ರಜೆಯ ಮಾತು ಬಂದಾಗ ಅವಳು ದೋಸೆ ಮಗುಚುತ್ತಲೇ ಹೇಳಿದಳು. “ಈ ಸರ್ತಿ ಊರಿಗೆ ಹೋಗುವ ಮೊದಲು ಒಂದು ವಾರ ಇಲ್ಲಿಗೆ ಹೋಗುವ.” ದೋಸೆ ಸಟ್ಟುಗದಿಂದ ಕ್ಯಾಲೆಂಡರ್ ತೋರಿಸಿದಳು.

“ಅಲ್ಲಿ ಎಂತ ಉಂಟು ಮಾರಾಯ್ತಿ? ಚಳಿ, ಮಳೆ.”

“ನನಗೆ ಎಂತದೂ ಬೇಡ. ಇಳಿಯುವುದೂ ಬೇಡ, ಶಾಪಿಂಗೂ ಬೇಡ. ಒಂದು ದಿವಸ ರೈಲಲ್ಲಿ ಕೂತು ಹೊರಗೆ ನೋಡ್ಬೇಕು, ಅಷ್ಟೇ. ನಾನು ನಿಮ್ಮ ಹತ್ರ ಇಷ್ಟರವರೆಗೆ ಎಂತಾದರೂ ಕೇಳಿದ್ದೇನಾ?”

ಕೇಳಿರಲಿಲ್ಲ. ಇಪ್ಪತ್ತೊಂದು ವರ್ಷಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದು ಒಂದು ಕಿಟಕಿ. ಅದನ್ನು ಕೊಡಿಸಲು ನಾನು ಪಟ್ಟ ಪಾಡನ್ನು, ವೀಸಾದವರಿಗೆ ಇಕಾಮಾ ಎಂಬ ನನ್ನ ಸೌದಿ ವಾಸದ ಪರವಾನಗಿಯಿಂದ ಹಿಡಿದು ಅಜ್ಜಿಯ ಹುಟ್ಟೂರಿನವರೆಗೆ ಒಪ್ಪಿಸಿದ್ದನ್ನು ಇಲ್ಲಿ ಹೇಳುವುದಿಲ್ಲ. ಹೇಳಬೇಕಾದದ್ದು ಸೀಟಿನ ವಿಷಯ. ರೈಲಿನ ಸೀಟನ್ನು ಮೊದಲೇ ಆರಿಸಿಕೊಳ್ಳಬಹುದಿತ್ತು. ಕಂಪ್ಯೂಟರಿನಲ್ಲಿ ಬೋಗಿಯ ನಕ್ಷೆ ಬಂತು. ನಕ್ಷೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. “ನಿಮಗೆ ಸರಿ ಕಂಡ ಹಾಗೆ ಮಾಡಿ” ಎಂದಳು ವಾರಿಜಾ. ಮರವಂತೆಯವಳು, ಯಾವ ಬದಿಯಾದರೂ ನೀರೇ ಎಂದುಕೊಂಡಿದ್ದಳು.

ನಾನು ರೈಲು ದಾರಿಯ ನಕಾಶೆ ಮುದ್ರಿಸಿಕೊಂಡು ಹಮೀದಾಕನ ಅಂಗಡಿಗೆ ಹೋದೆ. ಹಮೀದಾಕ ಉಳ್ಳಾಲದವರು, ಖೋಬರಿನಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ನನಗಿಂತ ಹೆಚ್ಚು ವರ್ಷ ಕಳೆದವರು. ನಮ್ಮ ಬೀದಿಯ ಅಷ್ಟೂ ಫಾಯಿಲ್ ಅವರ ಅಂಗಡಿಯದ್ದೇ. ಫಾಯಿಲಿನ ಹೊಳೆಯುವ ಮೈ ಹೊರಗೆ ಬರಬೇಕೋ ಒಳಗೋ ಎಂಬುದರ ಮೇಲೆ ಅವರು ಅರ್ಧ ಗಂಟೆ ಮಾತನಾಡಬಲ್ಲರು. ನಕಾಶೆಯನ್ನು ಗಲ್ಲಾದ ಮೇಲೆ ಹರಡಿದೆವು. ಅಳತೆಯ ಟೇಪು ರೈಲಾಯಿತು. ಒಂದು ಬಲ್ಬು ಸೂರ್ಯನಾಯಿತು.

“ಬೆಳಿಗ್ಗೆ ಫೋರ್ಟ್ ವಿಲಿಯಂ ಬಿಟ್ಟು ಪಡುವಕ್ಕೆ ಹೋಗ್ತದೆ,” ಎಂದೆ. “ಮಲ್ಲೇಗ್ ಅಂತ ಸಮುದ್ರದ ಬದಿಯ ಊರು, ಅಲ್ಲಿಗೆ.”

“ಹಾಗಾದ್ರೆ ಬಿಸಿಲು ಹಿಂದಿಂದ, ತೆಂಕಿಂದ ಬರ್ತದೆ.” ಹಮೀದಾಕ ಬಲ್ಬನ್ನು ಟೇಪಿನ ಎಡಕ್ಕೆ ಸರಿಸಿದರು. “ಎಡದ ಬದಿ ಕೂತ್ರೆ ನೀವು ಇಬ್ರೂ ಕೆಂಡದ ಮೀನು. ಬಲಕ್ಕೆ ಮಾಡಿ ಶೆಟ್ರೆ.”

“ವಾಪಸು ಮಧ್ಯಾಹ್ನ ಮೇಲೆ ಮೂಡಕ್ಕೆ ಬರ್ತದೆ.”

“ಆಗ ಎಡಕ್ಕೆ ಮಾಡಿ. ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?”

ಬುಕ್ ಮಾಡುವಾಗ ಒಂದು ವಿಚಿತ್ರ ಕಂಡೆ. ಬಿಸಿಲಿನ ಬದಿಯ ಸೀಟುಗಳೆಲ್ಲ ಆಗಲೇ ಹೋಗಿದ್ದವು. ನೆರಳಿನ ಬದಿಯ ಸಾಲು ಪೂರ್ತಿ ಖಾಲಿ ಇತ್ತು. ಬಿಳಿಯರು ಬಿಸಿಲಿಗೆ ಮೈಯೊಡ್ಡುವ ಜನ, ಅವರ ಕರ್ಮ ಎಂದು ನಕ್ಕು ನೆರಳಿನ ಬದಿಯಲ್ಲಿ ಎರಡು ಸೀಟು ಒತ್ತಿದೆ. ಹಿಂದೊಮ್ಮೆ ಬತ್ಹಾದಿಂದ ಹೊರಟ ಬಸ್ಸಿನಲ್ಲೂ ಇದೇ ರೀತಿ ಒಂದು ಬದಿ ಖಾಲಿ ಕಂಡು ನಕ್ಕಿದ್ದೆ ಎಂಬುದು ಆಗ ನೆನಪಾಗಲಿಲ್ಲ.

ಆ ಬೆಳಿಗ್ಗೆ ಫೋರ್ಟ್ ವಿಲಿಯಂನಲ್ಲಿ ಸೂರ್ಯ ಎನ್ನುವವನು ಇರಲೇ ಇಲ್ಲ. ಮಳೆ ಸಣ್ಣಗೆ ಬೀಳುತ್ತಿತ್ತು, ನಮ್ಮಲ್ಲಿ ಆಷಾಢದಲ್ಲಿ ಬೀಳುವ ಜಿಟಿಜಿಟಿ ಮಳೆ. ವಾರಿಜಾ ಹೊಸ ಸ್ವೆಟರಿನ ಮೇಲೆ ಸೀರೆಯ ಸೆರಗು ಹೊದ್ದು, ಚಪಾತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಪಕ್ಕ ನೆಟ್ಟಗೆ ಕೂತಳು. ಕರವಸ್ತ್ರದಿಂದ ಗಾಜನ್ನು ಒರೆಸಿದಳು. ಒಂದು ಸಲ ಒರೆಸಿ ಸಾಲದೆಂದು ಇನ್ನೊಂದು ಸಲ ಒರೆಸಿದಳು. ನಾನು ಪಕ್ಕದಲ್ಲಿ ಕೂತು, ಮೋಡ ಸರಿದರೆ ಎಡಗಡೆಯವರ ಗತಿ ಏನಾಗುತ್ತದೆ ನೋಡು ಎಂದು ಅವಳಿಗೆ ಧೈರ್ಯ ಹೇಳಿದೆ.

ರೈಲು ಹೊರಟಿತು. ನಮ್ಮ ಕಿಟಕಿಯಲ್ಲಿ ಮೊದಲು ಒಂದು ಗೋಡೆ ಬಂತು. ಆಮೇಲೆ ಕೆಲವು ಮನೆಗಳ ಹಿತ್ತಲು, ಆಮೇಲೆ ಕೊರೆದ ಬಂಡೆ. ಬಂಡೆಯ ಮೇಲೆ ಜರಿಗಿಡ. ಜರಿಗಿಡ ಮುಗಿದ ಮೇಲೆ ಇನ್ನೊಂದು ಬಂಡೆ. ಎಡಗಡೆಯಿಂದ ಆ ಹೊತ್ತಿಗೆ “ಓಹ್” ಎಂಬ ಸದ್ದುಗಳು ಶುರುವಾಗಿದ್ದವು. ಕತ್ತು ನೀಡಿ ನೋಡಿದೆ. ಎಡಗಡೆಯ ಅಷ್ಟೂ ಕಿಟಕಿಗಳಲ್ಲಿ ನೀರಿತ್ತು. ಉದ್ದಕ್ಕೂ, ರೈಲಿನ ಜತೆಗೇ ಬರುತ್ತಿದ್ದ ನೀರು. ಅದರಾಚೆ ಮಂಜು ಸುತ್ತಿಕೊಂಡ ಗುಡ್ಡಗಳು.

“ಈಗ ಈ ಬದಿಗೂ ಬರ್ತದೆ,” ಎಂದೆ. ರೈಲ್ವೆಯವರು ನನಗೆ ಮಾತು ಕೊಟ್ಟಿದ್ದಾರೆ ಎಂಬ ಧಾಟಿಯಲ್ಲಿಯೇ ಹೇಳಿದೆ.

ವಾರಿಜಾ ಬಂಡೆಯನ್ನು ನೋಡುತ್ತಿದ್ದಳು. ಅವಳ ಸಭ್ಯತೆ ಎಷ್ಟೆಂದರೆ ಆ ಬಂಡೆಯನ್ನೂ ಒಂದು ನೋಟವೆಂದು ಗೌರವಿಸಿ ನೋಡುತ್ತಿದ್ದಳು. ಒಂದು ಕಡೆ ಕುರಿ ಕಾಣಿಸಿತು. ಒದ್ದೆಯಾದ, ಬೇಸರಗೊಂಡ, ನೀಲಿ ಬಣ್ಣ ಬಳಿದ ಕುರಿ. ನಾನು ಕೂಡಲೇ, “ನೋಡು, ಕುರಿ” ಎಂದೆ. ನನ್ನ ಕಡೆಯಿಂದ ಆ ಪ್ರವಾಸದಲ್ಲಿ ತೋರಿಸಲು ಸಾಧ್ಯವಾದದ್ದು ಅದೊಂದು.

ಸ್ವಲ್ಪ ಹೊತ್ತಿಗೆ ಬೋಗಿಯಲ್ಲಿ ಗದ್ದಲವೆದ್ದಿತು. ಎಲ್ಲರೂ ಫೋನು ಹಿಡಿದು ಎಡಗಡೆಗೆ ಬಾಗಿದರು. ರೈಲು ನಿಧಾನವಾಯಿತು. ಕ್ಯಾಲೆಂಡರಿನ ಸೇತುವೆ ಬಂದಿತ್ತು. ನಾಲ್ಕು ವರ್ಷ ನಮ್ಮ ಅಡುಗೆಮನೆಯಲ್ಲಿ ತೂಗಿದ ಅದೇ ಸೇತುವೆ, ಕೆಳಗೆ ಅದೇ ಉದ್ದನೆಯ ಸರೋವರ. ನಾವು ಅದರ ಮೇಲೇ ಇದ್ದೆವು. ನಮ್ಮ ಕಿಟಕಿಯಲ್ಲಿ ಒಂದು ಗುಡ್ಡದ ಬೆನ್ನು ಇತ್ತು.

ಆಚೆ ಬದಿಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿ ಕೂತಿದ್ದರು, ಅಲ್ಲಿಯವರೇ. ಅವರ ಇಂಗ್ಲಿಷು ನನಗೆ ಅರ್ಧದಷ್ಟು ಅರ್ಥವಾಗುತ್ತಿತ್ತು. ಅವರು ವಾರಿಜಾಳ ಮುಖ ನೋಡಿ, ನನ್ನ ಕಡೆ ತಿರುಗಿ, ನಿಮ್ಮ ಹೆಂಡತಿ ಇಲ್ಲಿ ಬಂದು ಕೂರಲಿ, ನಾನು ಇದನ್ನು ಸಾವಿರ ಸಲ ನೋಡಿದ್ದೇನೆ ಎಂದರು.

ಬೇಡ, ಉಪಕಾರವಾಯಿತು, ನಮಗೆ ಇಲ್ಲಿ ಅನುಕೂಲವಾಗಿದೆ ಎಂದೆ. ಮನುಷ್ಯನಿಗೆ ತನ್ನ ಲೆಕ್ಕ ತಪ್ಪಿದೆ ಎಂದು ಗೊತ್ತಾದ ಮೇಲೆ ಬರುವ ಒಂದು ಗಾಂಭೀರ್ಯವಿದೆ, ಅದು ಬಂದಿತ್ತು. ಅವರಿಗೆ ಅರ್ಥವಾಗಲಿ ಎಂದು ಕಾರಣವನ್ನೂ ಸೇರಿಸಿದೆ. ಇದು ನೆರಳಿನ ಬದಿ ಎಂದೆ.

ಅಜ್ಜಿ ಕಿಟಕಿಯ ಹೊರಗಿನ ಮಳೆಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. “ನೆರಳು?” ಎಂದು ಕೇಳಿದರು. ಇಷ್ಟು ವರ್ಷದ ಬಾಳಿನಲ್ಲಿ ಆ ದಾರಿಯಲ್ಲಿ ಆ ಶಬ್ದವನ್ನು ಬಳಸುವ ಸಂದರ್ಭ ಅವರಿಗೆ ಬಂದಿರಲಿಲ್ಲ ಎಂದು ಕಾಣುತ್ತದೆ.

ವಾರಿಜಾ ಎದ್ದಳು. ನನ್ನನ್ನು ಕೇಳಲಿಲ್ಲ. ಚಪಾತಿಯ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು, ನನ್ನ ಮೊಣಕಾಲು ದಾಟಿದಳು, ಅಜ್ಜಿ ಸರಿದು ಕೊಟ್ಟ ಜಾಗದಲ್ಲಿ ಕಿಟಕಿಗೆ ಹಣೆ ತಾಗಿಸಿ ಕೂತಳು. ಸೇತುವೆ ಅಷ್ಟು ಹೊತ್ತಿಗೆ ಮುಗಿದುಹೋಗಿತ್ತು. ಅವಳಿಗೆ ಅದರ ಕೊನೆಯ ಎರಡು ಕಮಾನು ಸಿಕ್ಕಿರಬಹುದು.

ಅಲ್ಲಿಂದ ಮಲ್ಲೇಗಿನವರೆಗೆ ನಾನು ನೆರಳಿನ ಬದಿಯಲ್ಲಿ ಒಬ್ಬನೇ ಇದ್ದೆ. ಚೀಲ ಬಿಚ್ಚಿದೆ. ಚಪಾತಿ ಫಾಯಿಲಿನಲ್ಲಿತ್ತು, ಹಮೀದಾಕನ ಅಂಗಡಿಯದ್ದು, ಸಾಗರ ದಾಟಿ ಜತೆಗೆ ಬಂದಿತ್ತು. ಒಂದು ತಿಂದೆ. ಇನ್ನೊಂದು ತಿನ್ನಲು ಮನಸ್ಸು ಬರಲಿಲ್ಲ. ಆಚೆ ಬದಿಯಲ್ಲಿ ಅಜ್ಜಿ ಕೈ ತೋರಿಸಿ ಏನೇನೋ ಹೇಳುತ್ತಿದ್ದರು, ವಾರಿಜಾ ತಲೆ ಆಡಿಸುತ್ತಿದ್ದಳು. ಬಿಳಿ ಮರಳಿನ ದಡ ಬಂತು, ಸಮುದ್ರ ಬಂತು, ಸಮುದ್ರದಲ್ಲಿ ದ್ವೀಪಗಳು ಬಂದವು. ನನಗೆ ಅವೆಲ್ಲ ಅವರಿಬ್ಬರ ತಲೆಗಳ ನಡುವಿನ ಸಂದಿಯಲ್ಲಿ ಕಂಡವು. ಟರ್ಪಾಲಿನ ತೂತು ಅದಕ್ಕಿಂತ ದೊಡ್ಡದಿತ್ತು.

ಮಲ್ಲೇಗಿನಲ್ಲಿ ಇಳಿದರೆ ಮೂಗಿಗೆ ಬಡಿದದ್ದು ಮೀನಿನ ವಾಸನೆ. ದೋಣಿಗಳು, ಬಲೆ, ಮಂಜುಗಡ್ಡೆ, ಕಿರುಚುವ ಹಕ್ಕಿಗಳು. ಪ್ರಪಂಚದ ಆ ಕೊನೆಗೆ ಇಷ್ಟು ಕಷ್ಟಪಟ್ಟು ಬಂದು ನಾವು ಮಲ್ಪೆ ಬಂದರು ತಲುಪಿದ್ದೆವು. ವ್ಯತ್ಯಾಸವೆಂದರೆ ಇಲ್ಲಿ ಮೀನಿಗೆ ಖಾರ ಹಾಕುವುದಿಲ್ಲ. ಕರಿದ ಮೀನನ್ನು ಬಟಾಟೆಯ ಜತೆ ತಿಂದೆವು. ವಾರಿಜಾ ಮಾತು ಕಡಿಮೆ ಆಡಿದಳು. ನಾನು ರೈಲ್ವೆಯವರ ನಕ್ಷೆಯ ದೋಷಗಳ ಬಗ್ಗೆ ತುಸು ಹೆಚ್ಚೇ ಆಡಿದೆ.

ವಾಪಸು ಬರುವ ರೈಲು ತುಂಬಿತ್ತು. ಹಮೀದಾಕ ಎಡಕ್ಕೆ ಮಾಡಿ ಎಂದಿದ್ದರಲ್ಲ, ಎಡಕ್ಕೆ ಮಾಡಿದ್ದೆ, ಮತ್ತೆ ಅದೇ ಬಂಡೆಗಳು. ಬದಲಿಸಿಕೊಳ್ಳಲು ಈ ಸಲ ಅಜ್ಜಿ ಇರಲಿಲ್ಲ. ವಾರಿಜಾ ಸೀಟಿನ ಕಡೆಗೆ ಬರಲೇ ಇಲ್ಲ. ಬೋಗಿಯ ತುದಿಯಲ್ಲಿ, ಬಲಬದಿಯ ಬಾಗಿಲಿನ ಗಾಜಿನ ಮುಂದೆ, ಕಂಬಿ ಹಿಡಿದು ನಿಂತುಬಿಟ್ಟಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

“ಕಾಲು ನೋಯ್ತದೆ, ಕೂತ್ಕೋ” ಎಂದೆ.

“ಕೂತು ಎಂತ ನೋಡುವುದು?”

“ಬಿಸಿಲು ಇರ್ತದೆ ಅಂತ ನಾನು…”

“ನೀವು ಯಾವಾಗ್ಲೂ ಹಾಗೇ ಮಾಡುವುದು ಅಲ್ವಾ.” ಅವಳು ಗಾಜಿನಿಂದ ಮುಖ ತಿರುಗಿಸದೆ ಹೇಳಿದಳು. ದನಿಯಲ್ಲಿ ಕೋಪವಿರಲಿಲ್ಲ. “ಇಪ್ಪತ್ತೊಂದು ವರ್ಷ ಆಯ್ತು ಮಾರಾಯ್ರೆ ನಾನು ಫಾಯಿಲ್ ನೋಡುವುದು. ಅಡಿಗೆ ಮಾಡುವಾಗ ಅದರಲ್ಲಿ ನನ್ನದೇ ಮುಖ ಕಾಣ್ತದೆ, ಸೊಟ್ಟ. ಹೊರಗೆ ಎಂತ ಉಂಟು ಅಂತಲೇ ನನಗೆ ಗೊತ್ತಿಲ್ಲ. ಮನೆ ಯಾವ ದಿಕ್ಕಿಗೆ ಉಂಟು ಅಂತ ಕೇಳಿದ್ರೆ ನಿಮಗೆ ಫೋನ್ ಮಾಡಿ ಕೇಳ್ಬೇಕು.”

‘ಹೀಟ್ ಲೋಡ್’ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು, ದೇವರು ಕಾಪಾಡಿದ. ಅವಳಿಗೆ ಬಿಸಿಲು ತಾಗಬಾರದೆಂದು ನಾನು ಮಾಡಿದ್ದು ನಿಜ. ಬಿಸಿಲಿನ ಜತೆ ಇನ್ನೇನೇನು ತಾಗದಂತೆ ಮಾಡಿದ್ದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆ ಬಾಗಿಲ ಬಳಿ ನಿಂತು ನನಗೆ ತುಂಬ ನಾಚಿಕೆಯಾಯಿತು.

ಮಳೆ ನಿಂತಿತ್ತು. ರೈಲು ತಿರುವಿನಲ್ಲಿ ಬಾಗಿತು. ಎದುರಿಗೆ ಸೇತುವೆಯ ಕಮಾನುಗಳು ಒಂದರ ಹಿಂದೊಂದು ಎದ್ದು ಬಂದವು, ಕೆಳಗೆ ಸರೋವರ ತೆರೆದುಕೊಂಡಿತು, ಮೋಡದ ನಡುವಿನಿಂದ ಒಂದಿಷ್ಟು ಬಿಸಿಲು ಅದರ ಮೇಲೆ ಬಿತ್ತು. ಬೆಳಿಗ್ಗೆಯಿಂದ ನಾನು ಹೆದರಿ ಕಾದಿದ್ದ ಬಿಸಿಲು ಅದೊಂದೇ. ವಾರಿಜಾ ನನ್ನ ತೋಳು ಹಿಡಿದು ಎಳೆದಳು.

“ಹ್ವಾಯ್, ಇಲ್ ಕಾಣಿ.”

ಕಂಡೆ. ಸೇತುವೆಯನ್ನೂ ಕಂಡೆ, ಆದರೆ ನನಗೆ ನೆನಪಿರುವುದು ತೋಳಿನ ಮೇಲಿನ ಆ ಹಿಡಿತ.

ಖೋಬರಿಗೆ ಮರಳಿದ ಮೇಲಿನ ಮೊದಲ ಶುಕ್ರವಾರ ಬೆಳಿಗ್ಗೆ ನಾನು ಬ್ಲೇಡು, ಬಿಸಿನೀರು, ಹಳೆಯ ಬನಿಯನ್ನು ಹಿಡಿದು ಅಡುಗೆಮನೆಯ ಕಿಟಕಿಗೆ ಹೊರಟೆ. ಹಚ್ಚುವಾಗ ಹತ್ತು ನಿಮಿಷದ ಕೆಲಸ, ಕೀಳಲು ಮಧ್ಯಾಹ್ನವಾಯಿತು. ನನ್ನ ಫಾಯಿಲಿನ ಕೆಳಗೆ ನನ್ನದೇ ಹಳೆಯ ಫಾಯಿಲ್ ಇತ್ತು. ಅದರ ಕೆಳಗೆ ನಮಗಿಂತ ಮೊದಲು ಇದ್ದವರದ್ದು, ಅದರ ಕೆಳಗೆ ಹಳದಿ ಬಣ್ಣಕ್ಕೆ ತಿರುಗಿದ ಅರಬ್ಬಿ ಪತ್ರಿಕೆಯ ಹಾಳೆ. ನಾನೊಬ್ಬನೇ ಬುದ್ಧಿವಂತನಲ್ಲ ಎಂದು ತಿಳಿದು ತುಸು ಸಮಾಧಾನವೂ ಆಯಿತು, ಅವಮಾನವೂ ಆಯಿತು. ಬ್ಲೇಡು ಇನ್ನೊಂದು ಬೇಕಾಗಿ ಹಮೀದಾಕನ ಅಂಗಡಿಗೆ ಹೋದಾಗ ಅವರು ವಿಷಯ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು.

“ಕಿಚನ್ ತಂದೂರಿ ಒಲೆ ಆಗ್ತದೆ ಶೆಟ್ರೆ. ನಿಮಗೆ ಎಂತ ಆಯ್ತು? ಅಲ್ಲಿನ ಚಳಿ ತಲೆಗೆ ಹೋಯ್ತಾ?”

“ಹಮೀದಾಕ, ನಿಮ್ಮ ಬಲ್ಬು ತಪ್ಪು ಬದಿಯಲ್ಲಿತ್ತು.”

“ಬಲ್ಬು ಸರಿಯೇ ಇತ್ತು. ಸೂರ್ಯ ಬಾರದಿದ್ರೆ ನಾನು ಎಂತ ಮಾಡ್ಲಿ?” ಎಂದು ಅವರು ಬ್ಲೇಡು ಕೊಟ್ಟರು. ಹಾಗೆಯೇ, ಬೇಕಾಗಬಹುದು ಎಂದು ಒಂದು ಫಾಯಿಲ್ ರೋಲನ್ನೂ ಮುಂದಿಟ್ಟರು. ನಾನು ಅದನ್ನು ಮುಟ್ಟದೆ ಬಂದೆ.

ಕೊನೆಯ ತುಂಡು ಕಿತ್ತು ಬಂದಾಗ ಅಡುಗೆಮನೆಯೊಳಗೆ ಬಿಸಿಲು ನುಗ್ಗಿತು. ನಮ್ಮ ಡಬ್ಬಗಳ ಮೇಲಿನ ಎಣ್ಣೆಯ ಜಿಡ್ಡನ್ನೆಲ್ಲ ಅದು ಎಣಿಸಿ ತೋರಿಸಿತು. ವಾರಿಜಾ ಕೈ ಒರೆಸಿಕೊಂಡು ಬಂದು ಕಿಟಕಿಯ ಮುಂದೆ ನಿಂತಳು. ನಾನು ಹಿಂದೆ ನೆರಳಿನಲ್ಲಿ ನಿಂತು, ಪರೀಕ್ಷೆಯ ಫಲಿತಾಂಶ ಕೇಳುವವನ ಅಳುಕಿನಿಂದ ಕೇಳಿದೆ.

“ಎಂತ ಕಾಣ್ತದೆ?”

“ಎದುರು ಮನೆಯವರ ಫಾಯಿಲ್.”

ನಿಜವೇ. ಎರಡು ಆಳು ಅಗಲದ ಸಂದಿ. ಅದರಾಚೆ ಇನ್ನೊಂದು ಕಟ್ಟಡ, ಸಾಲಾಗಿ ಎಸಿ ಯಂತ್ರಗಳು, ಸರಿಯಾಗಿ ನಮ್ಮೆದುರಿಗೆ ಅವರ ಅಡುಗೆಮನೆಯ ಕಿಟಕಿ, ಅದರ ತುಂಬ ಬೆಳ್ಳಿ. ಸ್ಕಾಟ್ಲೆಂಡಿನವರೆಗೆ ಹೋಗಿ ಬಂದು, ಶುಕ್ರವಾರದ ಅರ್ಧ ದಿನ ಕೆರೆದು, ನಾನು ಹೆಂಡತಿಗೆ ತೆರೆದುಕೊಟ್ಟ ನೋಟ ಅದು. ಮತ್ತೆ ಅಂಟಿಸಲೇ ಎಂದು ಕೇಳಿದೆ.

“ಇರ್ಲಿ,” ಎಂದಳು. ಕ್ಯಾಲೆಂಡರಿನ ಏಪ್ರಿಲ್ ಹಾಳೆಯನ್ನು ಹರಿದು, ಚಿತ್ರ ಹೊರಮುಖವಾಗುವಂತೆ ಗಾಜಿನ ಕೆಳಗಿನ ಮೂಲೆಗೆ ಅಂಟಿಸಿದಳು. “ನಾವು ನೋಡಿ ಆಯ್ತಲ್ಲ. ಇನ್ನು ಅವರು ನೋಡ್ಲಿ.”

“ಅವರ ಕಿಟಕಿಗೆ ಫಾಯಿಲ್ ಉಂಟು ಮಾರಾಯ್ತಿ. ಹೇಗೆ ನೋಡುವುದು?”

“ನಾನು ನೋಡ್ಲಿಲ್ವಾ?” ಎಂದು ಹೇಳಿ ಒಂದು ಸ್ಟೂಲು ಎಳೆದುಕೊಂಡು ಬೀನ್ಸ್ ಹೆಚ್ಚಲು ಕೂತಳು.

ಅಂದಿನಿಂದ ಅವಳು ಅಲ್ಲಿಯೇ ಕೂರುತ್ತಾಳೆ. ಅಡುಗೆಮನೆ ಹಮೀದಾಕ ಹೇಳಿದಂತೆ ನಿಜವಾಗಿಯೂ ಒಲೆಯಾಗಿದೆ, ಎಸಿ ದಿನವಿಡೀ ಗೊಣಗುತ್ತದೆ. ನಾನು ಹಾಲ್‌ನಲ್ಲಿ, ಇನ್ನೂ ಫಾಯಿಲ್ ಇರುವ ಕಿಟಕಿಯ ಕೆಳಗೆ, ನನ್ನ ತಣ್ಣನೆಯ ಮೂಲೆಯಲ್ಲಿ ಕೂತು ಹೊರಗಿನ ಸುದ್ದಿ ಕೇಳುತ್ತಿರುತ್ತೇನೆ. ಸಂದಿಯಲ್ಲಿ ಬೆಕ್ಕು ಬಂತು. ಪಾರಿವಾಳ ಎಸಿಯ ಮೇಲೆ ಕಡ್ಡಿ ಇಡುತ್ತಿದೆ. ಮೂರನೇ ಮಹಡಿಯವರು ಒಣಗಲು ಹಾಕಿದ ಕಾಲುಚೀಲ ಬಿತ್ತು. ಇಷ್ಟೆಲ್ಲ ನಡೆಯುತ್ತಿತ್ತು ಎಂದು ನಮಗೆ ಗೊತ್ತೇ ಇರಲಿಲ್ಲ.

ಮೊನ್ನೆ ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದೆ. ಅಡುಗೆಮನೆಯಿಂದ ಕರೆ ಬಂತು.

“ಹ್ವಾಯ್, ಇಲ್ ಕಾಣಿ.”

ಲೋಟ ಕೆಳಗಿಟ್ಟು ಹೋದೆ. ಎದುರು ಕಿಟಕಿಯ ಫಾಯಿಲಿನ ಕೆಳಮೂಲೆ ಮಡಚಿಕೊಂಡಿತ್ತು. ಅಲ್ಲಿ ಬಳೆ ತೊಟ್ಟ ಒಂದು ಕೈ ಇತ್ತು. ಕೈಯಲ್ಲಿ ದೋಸೆ ಸಟ್ಟುಗದಂಥದ್ದೇನೋ ಹಿಡಿದು ಆ ಹೆಂಗಸು ಫಾಯಿಲನ್ನು ಒಳಗಿನಿಂದ ಒಂದೊಂದೇ ಅಂಗುಲ ಕೆರೆಯುತ್ತಿದ್ದಳು. ವಾರಿಜಾ ಸ್ಟೂಲಿನಲ್ಲಿ ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ನಾನು ಹೋಗಿ ಬಿಸಿಲಿನ ಬದಿಯಲ್ಲಿ ಕೂತೆ.